ಮಾವನ ಕ್ಲಚ್ಚು, ನನ್ನ ಕಾಲು

ಗೌರಿಬಿದನೂರಿನ ಒಂದು ಕಾರ್ಖಾನೆಯಲ್ಲಿ ನನ್ನ ಕೆಲಸ ಬಾಟಲಿ ಮುಚ್ಚಳಗಳನ್ನು ನೋಡುವುದು. ಬರೀ ನೋಡುವುದು. ಮುಚ್ಚಳ ಮಾಡುವವರು ಬೇರೆ, ಡಬ್ಬಕ್ಕೆ ತುಂಬುವವರು ಬೇರೆ. ನಾನು ನಡುವೆ ನಿಂತು ಓರೆಯಾದದ್ದು, ಸೀಳಿದ್ದು ಕಂಡರೆ ಎತ್ತಿ ಪಕ್ಕಕ್ಕೆ ಎಸೆಯುತ್ತೇನೆ. ಕತ್ತಿನ ಕಾರ್ಡಿನಲ್ಲಿ ಇದಕ್ಕೆ ‘ಕ್ವಾಲಿಟಿ ಇನ್‌ಸ್ಪೆಕ್ಟರ್’ ಎಂದು ಹೆಸರು. ಆ ಕಾರ್ಡನ್ನು ಒಮ್ಮೆ ಮದುವೆ ಮನೆಗೂ ಹಾಕಿಕೊಂಡು ಹೋಗಿಬಿಟ್ಟೆ. ಡ್ಯೂಟಿ ಮುಗಿಸಿ ನೇರ ಬಂದೆ, ತೆಗೆಯಲು ಮರೆತೆ ಅಂತ ಎಲ್ಲರಿಗೂ ಹೇಳಿದೆ. ಮರೆತಿರಲಿಲ್ಲ. ಅದರ ಫಲ ಇವತ್ತಿಗೂ ಉಣ್ಣುತ್ತಿದ್ದೇನೆ. ನಮ್ಮ ಬಳಗದಲ್ಲಿ ಯಾರ ಮನೆಯ ಮಿಕ್ಸಿ, ಮೋಟರು, ಮೊಬೈಲು ಕೆಟ್ಟರೂ ‘ನರೇಂದ್ರನಿಗೆ ತೋರ್ಸಿ, ಅವ್ನು ಇನ್‌ಸ್ಪೆಕ್ಟ್ರು’ ಅನ್ನುತ್ತಾರೆ. ನಾನು ಹೋಗುತ್ತೇನೆ. ಹೋಗಿ ನೋಡುತ್ತೇನೆ. ನೋಡುವುದು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ ಅನ್ನುವುದು ಇನ್ನೂ ಯಾರಿಗೂ ಹೊಳೆದಿಲ್ಲ.

ಹೀಗೆ ಕರೆಯುವವರಲ್ಲಿ ಮೊದಲಿಗರು ಕಳವಾರದ ವೆಂಕಟರಾಮಪ್ಪನವರು, ನನ್ನ ಅಮ್ಮನ ಅಣ್ಣ. ಗುರುವಾರ ನನ್ನ ವಾರದ ರಜೆ. ತೊಂಡೇಬಾವಿಯ ನಮ್ಮ ಮನೆಯಲ್ಲಿ ನಾನಿನ್ನೂ ಹೊದಿಕೆಯೊಳಗೆ ಇರುವಾಗಲೇ ಫೋನು ಬರುತ್ತದೆ. “ಏನಪ್ಪಾ ನರೇಂದ್ರ, ಎದ್ಯಾ? ಬಾರಪ್ಪ ಒಸಿ, ಗಾಡಿ ತೋರ್ಸಕ್ಕೆ ಹೋಗಣ.” ಅವರು ಕರೆಯುವುದು ನನ್ನ ಮಾತನ್ನು ನಂಬಿ ಅಲ್ಲ. ಮೆಕ್ಯಾನಿಕ್ಕಿನ ಮಾತನ್ನು ನಂಬದೆ ಇರುವುದಕ್ಕೆ ಪಕ್ಕದಲ್ಲಿ ಇನ್ನೊಬ್ಬ ಬೇಕು, ಅದಕ್ಕೆ.

ಮಾವ ಯಾವುದನ್ನೂ ಒಬ್ಬರ ಬಾಯಿಂದ ಕೇಳಿ ಒಪ್ಪಿದವರಲ್ಲ. ಒಬ್ಬ ಡಾಕ್ಟರು ಬಿ.ಪಿ. ಇದೆ ಎಂದರೆ, ಆ ಚೀಟಿಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ಇನ್ನೊಬ್ಬ ಡಾಕ್ಟರ ಮುಂದೆ “ಸುಮ್ನೆ ಬಂದೆ, ನೋಡಿ” ಎಂದು ಕೂರುತ್ತಾರೆ. ಮನೆಯಲ್ಲಿ ಪಂಚಾಂಗ ಎರಡು. ಕ್ಷೌರ ಮಾಡಿಸಿಕೊಂಡರೆ ಪಕ್ಕದ ಬಟ್ಟೆ ಅಂಗಡಿಯ ಕನ್ನಡಿಯಲ್ಲಿ ಇನ್ನೊಮ್ಮೆ ನೋಡಿಕೊಂಡೇ ಬರುವುದು. ಅಕ್ಕಯ್ಯಮ್ಮತ್ತೆಯನ್ನು ಹೆಣ್ಣು ನೋಡಲು ಸಹ, ಮೊದಲ ಸಲ ಒಪ್ಪಿಗೆಯಾದ ಮೇಲೆ, ಬೇರೆ ಜನರನ್ನು ಕಟ್ಟಿಕೊಂಡು ಎರಡನೇ ಸಲ ಹೋಗಿದ್ದರಂತೆ. “ಆವತ್ತು ಉಪ್ಪಿಟ್ಟಿಗೆ ಬೇಕೂಂತಲೇ ಉಪ್ಪು ಹಾಕ್ಲಿಲ್ಲ ಕಣೋ ನಾನು. ಆದ್ರೂ ಒಪ್ಕೊಂಡು ಹೋದ್ರು ಪುಣ್ಯಾತ್ಮ,” ಎಂದು ಅತ್ತೆ ಈಗಲೂ ನಿಟ್ಟುಸಿರು ಬಿಡುತ್ತಾರೆ.

ಇದು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು ಕಲಿಸಿದ ಪಾಠ. ಮಾವ ಪ್ರಾಯದಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕಿದವರು. ಗೂಡು ತಂದು ಮಾರ್ಕೆಟ್ಟಿನಲ್ಲಿ ಸುರಿದರೆ, ನೂಲು ತೆಗೆಯುವ ರೀಲರುಗಳು ಒಬ್ಬೊಬ್ಬರಾಗಿ ಬಂದು ಹಿಡಿ ಗೂಡನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಬ್ಬ ಮೂಗು ಮುರಿದು “ತೆಳು” ಅನ್ನುವನು. ಅದೇ ರಾಶಿಗೆ ಕೈ ಹಾಕಿದ ಇನ್ನೊಬ್ಬ ಸದ್ದಿಲ್ಲದೆ ಕಣ್ಣರಳಿಸುವನು. ಮೊದಲನೆಯವನ ಮಾತಿಗೆ ತಲೆಯಾಡಿಸಿದ ರೈತ ಕೆಟ್ಟ. ಮಾವ ಒಮ್ಮೆಯೂ ಹಾಗೆ ಕೆಡಲಿಲ್ಲ. ಆ ಅಭ್ಯಾಸ ಎಷ್ಟು ಒಳಗಿಳಿದಿದೆಯೆಂದರೆ ಅವರು ಇವತ್ತಿಗೂ ತೆಂಗಿನಕಾಯಿ ಇರಲಿ, ಟಾರ್ಚಿನ ಸೆಲ್ಲಿರಲಿ, ಔಷಧಿ ಡಬ್ಬಿ ಇರಲಿ, ಕೈಗೆ ಬಂದದ್ದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಕಾರು ಕೊಂಡಾಗ ಅದನ್ನು ಎತ್ತಿ ಅಲ್ಲಾಡಿಸಲಾಗದೆ, ಬಾಗಿಲಿಗೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು.

ಬೆನ್ನುನೋವಿಗೆ ಹುಳ ಸಾಕುವುದನ್ನು ಬಿಟ್ಟ ವರ್ಷ ಬಂದ ಬಿಳಿ ಕಾರು ಅದು. ಕಳವಾರದಲ್ಲಿ ಕಾರಿರುವ ಮನೆಗಳು ಈಗ ಬೇಕಾದಷ್ಟಿವೆ. ಕರೆದ ತಕ್ಷಣ ಬರುವ ಕಾರು ಮಾತ್ರ ಒಂದೇ. ಪಕ್ಕದ ಬೀದಿಯ ಕೊಂಡಮ್ಮನವರನ್ನು ಕಣ್ಣಿನ ಇಂಜೆಕ್ಷನ್ನಿಗೆ ಚಿಕ್ಕಬಳ್ಳಾಪುರಕ್ಕೆ ಕರೆದೊಯ್ಯುವುದು ಅದೇ, ಬಸ್ಸು ತಪ್ಪಿದ ಮಕ್ಕಳನ್ನು ಪರೀಕ್ಷೆಗೆ ಮುಟ್ಟಿಸುವುದು ಅದೇ, ಸ್ಕಂದಗಿರಿ ಹತ್ತಲು ಬಂದು ಪಾದ ಉಳುಕಿಸಿಕೊಂಡು ಕೂತ ಬೆಂಗಳೂರಿನವರನ್ನು ಸಾಗಿಸುವುದೂ ಅದೇ. ಹುಳದ ಮನೆ ಖಾಲಿಯಾದ ಮೇಲೆ ಊರಿನಲ್ಲಿ “ವೆಂಕಟರಾಮಣ್ಣೋ” ಎಂದು ಯಾರಾದರೂ ಬಾಗಿಲಿಗೆ ಬಂದು ಕೂಗುತ್ತಾರೆ ಅಂದರೆ ಅದು ಆ ಕಾರಿನ ಕಾರಣಕ್ಕೆ. ಆ ಕೂಗು ಕೇಳಿದ ಕೂಡಲೇ ಮಾವ ಊಟದ ತಟ್ಟೆ ಬಿಟ್ಟು ಏಳುತ್ತಾರೆ. ಮುಖದಲ್ಲಿ ಸಿಡುಕು, ನಡಿಗೆಯಲ್ಲಿ ಹಿಗ್ಗು.

ಆ ಕಾರು ಸ್ವಲ್ಪ ಕಾಲದಿಂದ ಏರು ಬಂದರೆ ಸುಟ್ಟ ವಾಸನೆ ಹೊಡೆಯತೊಡಗಿತು. ಎಂಜಿನ್ನು ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಕ್ಲಚ್ ಪ್ಲೇಟು ಸವೆದಿದೆ ಎಂದು ಬದಲಾಯಿಸಿದರು. ಅದೂ ಸವೆಯಿತು. ಮತ್ತೆ ಬದಲಾಯಿಸಿದರು. ಅದೂ ಸವೆದು, ಒಂದು ದಿನ ಕೊಂಡಮ್ಮನವರನ್ನು ಆಸ್ಪತ್ರೆಯಿಂದ ಕರೆತರುವಾಗ ಹೈವೇ ಪಕ್ಕದಲ್ಲಿ ಕೆಟ್ಟು ನಿಂತಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಆ ಅಜ್ಜಿಯನ್ನು ಹಾಲಿನ ವ್ಯಾನಿಗೆ ಹತ್ತಿಸಿ ಕಳಿಸಬೇಕಾಯಿತು. ಮತ್ತೊಂದು ಹೊಸ ಪ್ಲೇಟು ಹಾಕಿಸಿದರೂ ವಾರದೊಳಗೆ ಅದೇ ವಾಸನೆ ಶುರುವಾಯಿತು.

ಸುದ್ದಿ ಮಗಳು ಸೌಜನ್ಯಳಿಗೆ ಮುಟ್ಟಿತು. ಅವಳು ಚಿಕ್ಕಬಳ್ಳಾಪುರದಲ್ಲೇ ಇದ್ದಾಳೆ, ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವಳ ಮಾತೂ ಲೆಕ್ಕದ ಹಾಗೆಯೇ, ಕೊನೆಯಲ್ಲಿ ಉತ್ತರ ಒಂದೇ ಇರುತ್ತದೆ. “ಅಪ್ಪಾ, ಗಾಡಿಗೆ ಹದಿನೈದು ವರ್ಷ ತುಂಬ್ತಾ ಇದೆ. ಆರ್‌ಟಿಒದಲ್ಲಿ ತೋರ್ಸಿ ರಿನ್ಯೂ ಮಾಡಿಸ್ಬೇಕು. ಗಾಡಿ ಚೆನ್ನಾಗಿದೆ ಅಂತ ಯಾರಾದ್ರೂ ಒಬ್ಬ ಮೆಕ್ಯಾನಿಕ್ ನನಗೆ ಹೇಳ್ಲಿ, ಮಾಡಿಸೋಣ. ಇಲ್ದಿದ್ರೆ ಮುಂದಿನ ಭಾನುವಾರದ ಹೊತ್ತಿಗೆ ತಗೊಳ್ಳೋರು ಬರ್ತಾರೆ, ಕೊಟ್ಬಿಡೋಣ.”

ಮಾವ ಮೊದಲು ಹೋದದ್ದು ಚಿಕ್ಕಬಳ್ಳಾಪುರದ ಜಗನ್ ಗ್ಯಾರೇಜಿಗೆ. ಅತ್ತೆಯೂ ಹಿಂದಿನ ಸೀಟಿನಲ್ಲಿದ್ದರು. ನಾನೂ ಹೋದೆ, ಇನ್‌ಸ್ಪೆಕ್ಟರಲ್ಲವೆ. ಜಗನ್ ನನ್ನ ವಯಸ್ಸಿನವನು. ಮಾವನನ್ನೇ ಓಡಿಸಲು ಹೇಳಿ ತಾನು ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬಂದ. ಬಂದವನು ಬಾನೆಟ್ ತೆಗೆದು, ಒಳಗೆ ಏನೋ ಕಳೆದುಕೊಂಡವನ ಹಾಗೆ ಬಹಳ ಹೊತ್ತು ಬಗ್ಗಿ ನಿಂತ.

“ಕೇಬಲ್ ಹಳೇದಾಗಿದೆ ಸಾರ್. ಬದಲಾಯ್ಸಿ ನೋಡಣ,” ಅಂದ ಮಾವನಿಗೆ. ಆಮೇಲೆ ನನ್ನ ಕಡೆ ತಿರುಗಿ, “ಬಾರೋ, ಟೀ ಕುಡ್ಕೊಂಡು ಬರಣ,” ಎಂದು ಹೆಗಲಿಗೆ ಕೈ ಹಾಕಿ ಎಳೆದುಕೊಂಡು ಹೋದ. ಟೀ ಅಂಗಡಿಯವರೆಗೂ ಹೋಗಲಿಲ್ಲ. ಹಳೇ ಟೈರುಗಳ ಹಿಂದೆ ನಿಲ್ಲಿಸಿ ಪಿಸುಗುಟ್ಟಿದ.

“ಗಾಡಿ ಚಿನ್ನ ಕಣೋ.”

“ಮತ್ತೆ ಸುಡ್ತಾ ಇರೋದೇನೋ?”

“ನಿಮ್ಮ ಮಾವನ ಎಡಗಾಲು. ಗೇರ್ ಹಾಕಿದ್ ಮೇಲೂ ಕ್ಲಚ್ ಮೇಲಿಂದ ಕಾಲೇ ತೆಗೆಯಲ್ಲ ಕಣೋ ಅವ್ರು. ಇಡೀ ದಾರಿ ಅದರ ಮೇಲೆ ಕಾಲು ಮಲಗಿಸಿರ್ತಾರೆ. ಕ್ಲಚ್ಚು ಅರ್ಧ ಒತ್ತಿಕೊಂಡೇ ಗಾಡಿ ಓಡಿದ್ರೆ ಪ್ಲೇಟು ಉಜ್ಜಿ ಉಜ್ಜಿ ಸುಡದೆ ಇನ್ನೇನಾಗುತ್ತೆ? ಟ್ರಾಕ್ಟರಲ್ಲಿ ಕಲ್ತಿರಬೇಕು ಅಲ್ವಾ?”

ಟ್ರಾಕ್ಟರಲ್ಲೇ ಕಲಿತದ್ದು. “ಅದನ್ನ ಅವ್ರಿಗೇ ಹೇಳೋದಲ್ವೇನೋ? ಕೇಬಲ್ಲು ಗೀಬಲ್ಲು ಅಂತ ಯಾಕೆ ಸುತ್ತಾಡಿಸ್ತೀಯ?”

ಜಗನ್ ನನ್ನನ್ನು ಓರೆ ಮುಚ್ಚಳವನ್ನು ನೋಡುವ ಹಾಗೆ ನೋಡಿದ. “ನಮ್ಮಪ್ಪನ ಮದ್ವೇಲಿ ಟವಲ್ ಕಟ್ಕೊಂಡು ಬಡಿಸಿದೋರು ಕಣೋ ಅವ್ರು. ‘ಯಜಮಾನ್ರೇ, ನಿಮಗೆ ಗಾಡಿ ಓಡ್ಸಕ್ಕೆ ಬರಲ್ಲ’ ಅಂತ ಮುಖ ನೋಡ್ಕೊಂಡು ಹೇಳ್ಲಾ? ನೀನು ಮನೆಯವ್ನು. ನೀನ್ ಹೇಳು.”

“ನಾನು ಅಳಿಯ ಕಣೋ! ನನಗೆ ಗಾಡಿ ಕಲ್ಸಿದ್ದೇ ಅವ್ರು.”

“ಹಂಗಾದ್ರೆ ಸೌಜನ್ಯ ಮೇಡಂಗೆ ಹೇಳ್ಬಿಡು.”

ಅಲ್ಲಿಗೆ ನನ್ನ ನೆಮ್ಮದಿ ಹಾಳಾಯಿತು. ಸೌಜನ್ಯಳಿಗೆ ಹೇಳಿದರೆ ಕಾರು ಉಳಿಯುತ್ತದೆ, ಕೀಲಿ ಅವಳ ಬೀರುವಿಗೆ ಹೋಗುತ್ತದೆ. ಅಪ್ಪನಿಗೆ ಓಡಿಸಲು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಅವಳು ಅವರನ್ನು ಸ್ಟೇರಿಂಗ್ ಮುಂದೆ ಕೂರಲು ಬಿಡುತ್ತಾಳೆಯೆ? ಹೇಳದೆ ಹೋದರೆ ಮಾವ ಹೀಗೇ ಓಡಿಸುತ್ತಾರೆ, ಗಾಡಿಗೇ ರೋಗ ಎಂದು ತೀರ್ಮಾನವಾಗುತ್ತದೆ, ಭಾನುವಾರ ಕಾರೇ ಹೋಗುತ್ತದೆ. ಎರಡರಲ್ಲಿ ಯಾವುದಾದರೂ “ವೆಂಕಟರಾಮಣ್ಣೋ” ಎಂಬ ಕೂಗು ನಿಂತಂತೆಯೇ. ಇದರಿಂದ ಪಾರಾಗುವ ದಾರಿ ಒಂದೇ: ಮಾವ ತಾವಾಗಿ ಆ ಎಡಗಾಲನ್ನು ಎತ್ತಿ ಪಕ್ಕಕ್ಕಿಡಬೇಕು. ದಿನಕ್ಕೆ ಸಾವಿರಾರು ಮುಚ್ಚಳಗಳ ತಪ್ಪು ಹಿಡಿಯುವ ನನಗೆ ಒಂದು ಕಾಲಿನ ತಪ್ಪು ಹೇಳುವ ಬಾಯಿಲ್ಲ.

ಆದರೂ ಕಳವಾರಕ್ಕೆ ವಾಪಸು ಬರುವಾಗ ಪ್ರಯತ್ನಪಟ್ಟೆ.

“ಮಾವ, ಎಡಗಾಲು ಜೋಮು ಹಿಡಿಯಲ್ವಾ ನಿಮಗೆ?”

“ಯಾಕಪ್ಪ ಹಿಡಿಯುತ್ತೆ?”

“ಇಲ್ಲ, ಒಂದೇ ಕಡೆ ಇಟ್ಕೊಂಡಿದ್ರೆ ಅಂತ...”

“ಸ್ಟೇರಿಂಗ್ ಮೇಲೆ ಕೈನೂ ಒಂದೇ ಕಡೆ ಇರುತ್ತೆ. ಅದೇನು ಜೋಮು ಹಿಡಿಯುತ್ತಾ? ಕಂಪ್ನೀಲಿ ನಿಂತೂ ನಿಂತೂ ಜೋಮು ಹಿಡಿದಿರೋದು ನಿಂಗೆ. ಒಸಿ ಎಳ್ಳೆಣ್ಣೆ ತಿಕ್ಕು.”

ಹಿಂದಿನ ಸೀಟಿನಲ್ಲಿ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮನೆ ಮುಟ್ಟಿದ ಮೇಲೆ ಅಡುಗೆ ಮನೆಯಲ್ಲಿ ಅವರನ್ನು ಹಿಡಿದೆ. “ನಿಮಗೂ ಗೊತ್ತಿತ್ತಾ ಅತ್ತೆ?”

“ಹಿಂದ್ಗಡೆ ಕೂತು ಕೂತು ನನ್ನ ಕತ್ತಿಗೇ ಗೊತ್ತಾಗಿದೆ ಕಣಪ್ಪ.”

“ಹೇಳ್ಬಾರ್ದಾ?”

“ಮದ್ವೆಯಾದಾಗಿಂದ ಟೀಗೆ ಸಕ್ಕರೆ ಕಮ್ಮಿ ಮಾಡ್ಕೊಳ್ಳಿ ಅಂತಿದೀನಿ. ಅದೇ ಆಗಿಲ್ಲ. ಕಾಲಿಗೆ ಹೋಗ್ಲಾ ನಾನು?”

ಕೊನೆಗೆ ನನಗೆ ಹೊಳೆದ ಉಪಾಯ ನನ್ನ ಮಟ್ಟದ್ದೇ. ‘ಕ್ಲಚ್ ಹಾಳು ಮಾಡುವ ತಪ್ಪು’ ಅಂತ ಯಾರೋ ಮಾಡಿದ್ದ ಒಂದು ವಿಡಿಯೋ ಹುಡುಕಿ ಮಾವನ ಮೊಬೈಲಿಗೆ ಕಳಿಸಿದೆ. ಅದರಲ್ಲಿ ಕ್ಲಚ್ಚಿನ ಮೇಲೆ ಮಲಗಿದ ಎಡಗಾಲನ್ನು ಕೆಂಪು ಬಾಣ ಹಾಕಿ ತೋರಿಸಿದ್ದರು. ಅರ್ಧ ಗಂಟೆಯಲ್ಲಿ ಆ ವಿಡಿಯೋ ಬಳಗದ ಗ್ರೂಪಿನಲ್ಲಿ ಬಂದು ಬಿತ್ತು, ಮೇಲೊಂದು ಸಾಲಿನೊಂದಿಗೆ: ‘ಈಗಿನ ಹುಡುಗರು ತಪ್ಪದೇ ನೋಡಿ. ನಿಮ್ಮ ವೆಂಕಟರಾಮಪ್ಪ.’

ಕೇಬಲ್ಲು ಬದಲಾಯಿತು. ವಾಸನೆ ಬದಲಾಗಲಿಲ್ಲ. ಮುಂದಿನ ಗುರುವಾರ, ಅಂದರೆ ಭಾನುವಾರಕ್ಕೆ ಮೊದಲು ನಮಗೆ ಉಳಿದಿದ್ದ ಒಂದೇ ರಜೆಯಲ್ಲಿ, ಮಾವ ತೀರ್ಪು ಕೊಟ್ಟರು: “ಆ ಜಗನ್ ಇನ್ನೂ ಕಲ್ತಿಲ್ಲ. ಶಿಡ್ಲಘಟ್ಟದಲ್ಲಿ ತೋರ್ಸಣ.” ಅತ್ತೆಯೂ ಹೊರಟರು, ಒಂದು ಚೀಲ ಅವರೆಕಾಯಿ ಹಿಡಿದುಕೊಂಡು. ದಾರಿಯಲ್ಲಿ ಹೊತ್ತು ಹೋಗದಿದ್ದರೆ ಸುಲಿಯಬಹುದು ಎಂದು.

ಶಿಡ್ಲಘಟ್ಟದ ಬಾಷಾ ಭಾಯಿಯ ಗ್ಯಾರೇಜು ಇರುವುದು ನೂಲು ತೆಗೆಯುವ ಮನೆಗಳ ಸಾಲಿನ ಕೊನೆಯಲ್ಲಿ. ಗೂಡು ಬೇಯುವ ವಾಸನೆ ಬಂದ ಕೂಡಲೇ ನಾನು ಮೂಗು ಮುಚ್ಚಿದೆ, ಮಾವ ಎದೆ ತುಂಬ ಉಸಿರೆಳೆದುಕೊಂಡರು. ಹಿಂದಿನ ಗ್ಯಾರೇಜಿನವನು ಏನು ಹೇಳಿದ ಅನ್ನುವುದನ್ನು ಬಾಯಿ ಬಿಡಬಾರದು ಎಂದು ನನಗೆ ಮೊದಲೇ ತಾಕೀತಾಗಿತ್ತು. “ಹೇಳಿಬಿಟ್ರೆ ಅದನ್ನೇ ಇವ್ನೂ ಹೇಳ್ತಾನೆ. ಇವ್ನ ಬಾಯಿಂದ ಇವ್ನ ಮಾತೇ ಬರ್ಬೇಕು.”

ಬಾಷಾ ಭಾಯಿ ಮಾವನ ಪಕ್ಕ ಕೂತು ಒಂದು ಸುತ್ತು ಹೋಗಿ ಬಂದರು. ಬಂದವರು ಗಡ್ಡ ನೀವಿಕೊಂಡರು, ಬಾನೆಟ್ ತೆಗೆದರು, ಒಳಗೆ ಬಗ್ಗಿದರು. ಆ ಬಗ್ಗುವ ಭಂಗಿ ನೋಡಿಯೇ ನನಗೆ ಗೊತ್ತಾಗಿಹೋಯಿತು. ಸುಳ್ಳು ಹುಡುಕಲು ಬಾನೆಟ್ಟಿನ ಒಳಗಿಂತ ಒಳ್ಳೆಯ ಜಾಗ ಇಲ್ಲ.

“ಎಣ್ಣೆ ಲೀಕ್ ಆಗಿ ಪ್ಲೇಟಿಗೆ ಬೀಳ್ತಾ ಇರಬೌದು ಯಜಮಾನ್ರೇ. ಏನ್ ಮಾಡೋದು, ಗಾಡಿಗೂ ವಯಸ್ಸಾಯ್ತು.” ಆಮೇಲೆ ನನ್ನ ಕಡೆಗೆ, “ಬನ್ನಿ ತಮ್ಮಾ, ಒಂದು ಸಾಮಾನು ತೋರಿಸ್ತೀನಿ.”

ಇಲ್ಲಿ ಟೈರು ಇರಲಿಲ್ಲ, ನೀರಿನ ಟ್ಯಾಂಕಿನ ಹಿಂದೆ ಕರೆದೊಯ್ದರು. ನಾನೇ ಮೊದಲು ಹೇಳಿದೆ: “ಎಡಗಾಲು ತಾನೇ?”

ಭಾಯಿಗೆ ಹಾಯೆನಿಸಿತು. “ಗೊತ್ತಿದ್ಯಾ? ಅಲ್ಲಾ, ಗೊತ್ತಿದ್ದೂ ಇಲ್ಲೀತನಕ ಕರ್ಕೊಂಡು ಬಂದ್ಯಾ?”

“ನೀವಾದ್ರೂ ಹೇಳ್ಬಾರ್ದಾ ಭಾಯ್?”

“ನಮ್ಮ ಅಬ್ಬಾ ರೀಲರ್ ಆಗಿದ್ರು. ಕಳವಾರದ ವೆಂಕಟರಾಮಪ್ಪನ ಗೂಡು ಬಂತಾ ಅಂತ ಕಾಯ್ತಾ ಇದ್ರು. ಅಂಥೋರ್ಗೆ ನಾನು ಕಾಲು ತೆಗೀರಿ ಅನ್ನೋದಾ? ನನ್ನ ಬಾಯಿಗೆ ಬರಲ್ಲಪ್ಪಾ ಅದು.”

ನಾವು ಟ್ಯಾಂಕಿನ ಹಿಂದಿನಿಂದ ಬರುವಷ್ಟರಲ್ಲಿ ಮಾವ ಮಗಳಿಗೆ ಫೋನು ಹಚ್ಚಿ ಸ್ಪೀಕರ್ ಮಾಡಿ ಹಿಡಿದಿದ್ದರು. ಎಣ್ಣೆ ಲೀಕಿನ ಸುದ್ದಿ ಆಗಲೇ ಹೇಳಿಯಾಗಿತ್ತು; ಅದೊಂದು ಸರಿಮಾಡಿದರೆ ಗಾಡಿ ಚೆನ್ನಾಗಿದೆ ಎಂದು ಭಾಯಿ ಹೇಳುತ್ತಾರೆಂದು, ಪಾಪ, ಅವರಿಗೆ ನಂಬಿಕೆ. ಸೌಜನ್ಯ ಕೇಳಿದಳು, “ಗಾಡಿ ಹೇಗಿದೆ ಭಾಯ್?” ಬಾಷಾ ಭಾಯಿ ಮಾವನ ಮುಖ ನೋಡಿದರು, ನನ್ನ ಮುಖ ನೋಡಿದರು, ನೆಲ ನೋಡಿದರು. “ವಯಸ್ಸಾಗಿದೆ ಮೇಡಂ.”

“ನೋಡಿದ್ಯಾಪ್ಪಾ? ಒಬ್ರು ಕೇಬಲ್ ಅಂತಾರೆ, ಒಬ್ರು ಎಣ್ಣೆ ಅಂತಾರೆ. ಒಂದೊಂದು ಕಡೆ ಒಂದೊಂದು ಕಾಯಿಲೆ ಅಂದ್ರೆ ಗಾಡಿ ಪೂರ್ತಿ ಹೋಗಿದೆ ಅಂತ. ಭಾನುವಾರ ಬರೋರಿಗೆ ಹೂಂ ಅಂದ್ಬಿಡ್ತೀನಿ.”

ಫೋನು ಕಟ್ಟಾಯಿತು. ಸುತ್ತ ಇದ್ದ ಒಬ್ಬೊಬ್ಬರನ್ನೂ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು ನನಗೆ, ನನ್ನನ್ನೂ ಸೇರಿಸಿ. ಎಲ್ಲರಿಗೂ ಗೊತ್ತು. ಎಲ್ಲರಿಗೂ ಈ ಮನುಷ್ಯನ ಮೇಲೆ ಗೌರವ. ಆ ಗೌರವವೇ ಸೇರಿಕೊಂಡು ಅವರ ಕಾರನ್ನು ಮಾರಿಸುತ್ತಿದೆ. ಮಾವ ಕಾರಿನ ಹತ್ತಿರ ಹೋಗಿ ಬಾಗಿಲಿಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು ನಿಂತರು. ಏನು ಕೇಳಿಸಿತೋ.

“ಚಿಂತಾಮಣೀಲಿ ಕೊಂಡಪ್ಪ ಅಂತ ಒಬ್ನಿದಾನಂತೆ. ಗುರ್ತಿಲ್ಲ. ಅವ್ನೂ ಹಿಂಗೇ ಅಂದ್ರೆ ಬಿಟ್ಬಿಡ್ತೀನಿ.” ಕೀಲಿಯನ್ನು ನನ್ನ ಕೈಗೆ ಹಾಕಿದರು. “ನೀನೇ ಓಡ್ಸಪ್ಪ. ನನಗ್ಯಾಕೋ ಮನಸ್ಸಿಲ್ಲ.”

ಆ ಕಾರನ್ನು ನಾನು ಕಲಿಯುವ ಕಾಲದಲ್ಲಿ ಓಡಿಸಿದ್ದು. ಆಮೇಲೆ ಹಬ್ಬಕ್ಕೋ ಹುಣ್ಣಿಮೆಗೋ ಕೇರಿಯಿಂದ ರಸ್ತೆಯವರೆಗೆ ತಂದು ನಿಲ್ಲಿಸಿದ್ದು ಬಿಟ್ಟರೆ ಇಲ್ಲ. ಚಿಂತಾಮಣಿ ರಸ್ತೆಗೆ ಬಿದ್ದ ಮೇಲೆ, ನಾಚಿಕೆ ಬಿಟ್ಟು ಹೇಳಬೇಕೆಂದರೆ, ನನಗೆ ಖುಷಿಯೇ ಆಯಿತು. ಒಂದು ಕೈ ಕಿಟಕಿಯ ಮೇಲೆ ಹೋಯಿತು. ಮಾವ ಪಕ್ಕದಲ್ಲಿ ಟೊಮೇಟೊ ತೋಟಗಳನ್ನು ನೋಡುತ್ತಿದ್ದರು. ಹಿಂದೆ ಅತ್ತೆ ಅವರೆಕಾಯಿ ಸುಲಿಯುವ ಸದ್ದು. ಒಂದು ಸಣ್ಣ ಏರಿನಲ್ಲಿ ಅದೇ ವಾಸನೆ ತೆಳ್ಳಗೆ ಮೂಗಿಗೆ ಬಂತು. ಮಾವನ ಕಾಲು ಇಟ್ಟೂ ಇಟ್ಟೂ ಗಾಡಿಗೆ ಅಭ್ಯಾಸವಾಗಿಬಿಟ್ಟಿದೆ ಅಂದುಕೊಂಡೆ.

ಕೊಂಡಪ್ಪ ಐವತ್ತರ ಆಸುಪಾಸಿನ, ದೊಡ್ಡ ಗಂಟಲಿನ ಆಸಾಮಿ. ಕನ್ನಡ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಬಾನೆಟ್ ತೆಗೆಯಲೇ ಇಲ್ಲ. ಡ್ರೈವರ್ ಬಾಗಿಲು ತೆಗೆದು ಕೆಳಗೆ ಬಗ್ಗಿ, ಕ್ಲಚ್ಚಿನ ಪೆಡಲಿನ ರಬ್ಬರನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಅದು ತಟ್ಟೆಯ ಹಾಗೆ ನುಣ್ಣಗಾಗಿತ್ತು. ಎದ್ದು ನಿಂತು ಕೇಳಿದರು, “ಯಾರು ಓಡ್ಸೋದು ಗಾಡಿ?”

ಮಾವ ಹೆಗಲ ಟವಲ್ಲು ಸರಿಮಾಡಿಕೊಂಡರು. “ಮನೆಯವ್ರೇ. ಎಲ್ರೂ ಓಡಿಸ್ತೀವಿ.”

ಕೊಂಡಪ್ಪ ಮಾವನನ್ನು ನೋಡಿದರು: ಮಡಿಕೆ ಮುರಿಯದ ಬಿಳಿ ಪಂಚೆ, ಹೆಗಲ ಟವಲ್ಲು, ನೆಟ್ಟಗೆ ನಿಂತ ನಿಲುವು. ಆಮೇಲೆ ನನ್ನನ್ನು ನೋಡಿದರು. ಅವರ ಮುಖದಲ್ಲಿ ಒಂದು ತೀರ್ಮಾನ ಮೂಡಿದ್ದನ್ನು ನಾನು ಗಮನಿಸಬೇಕಿತ್ತು. “ಯಜಮಾನ್ರು ಹಿಂದ್ಗಡೆ ಆರಾಮಾಗಿ ಕೂತ್ಕೊಳ್ಳಿ. ಏಯ್, ನೀನು ರಾ. ಓಡ್ಸು.”

ಕೊಂಡಪ್ಪ ನನ್ನ ಪಕ್ಕ ಕೂತರು. ಊರು ದಾಟಿ ಬಯಲಿಗೆ ಬಂದಿದ್ದೆವು, ಅಷ್ಟೆ.

“ಏಮಯ್ಯಾ! ಎಡಗಾಲು ಎಲ್ಲಿದೆ?”

ಕೆಳಗೆ ನೋಡಿಕೊಂಡೆ. ನನ್ನ ಎಡಗಾಲು ಕ್ಲಚ್ಚಿನ ಮೇಲೆ ಮಲಗಿತ್ತು. ಬೆಕ್ಕು ಒಲೆಯ ಪಕ್ಕ ಮಲಗುವ ಹಾಗೆ, ಅಷ್ಟು ನೆಮ್ಮದಿಯಾಗಿ. ಚಿಂತಾಮಣಿ ರಸ್ತೆಯ ಏರಿನಲ್ಲಿ ಬಂದ ವಾಸನೆ ನನ್ನ ಕಾಲಿನದೇ. ಎರಡು ಗ್ಯಾರೇಜುಗಳ ಹಿಂದೆ 'ಮಾವನ ಕಾಲು, ಮಾವನ ಕಾಲು' ಎಂದು ಪಿಸುಗುಟ್ಟಿ ಬಂದ ಕ್ವಾಲಿಟಿ ಇನ್‌ಸ್ಪೆಕ್ಟರಿಗೆ ತನ್ನ ಪ್ಯಾಂಟಿನೊಳಗಿನ ಕಾಲು ಕಂಡಿರಲಿಲ್ಲ.

“ತೆಗಿ ಮೊದ್ಲು! ಅದೇನು ಕಾಲು ಇಟ್ಕೊಳ್ಳೋ ಮಣೆ ಅಂದ್ಕೊಂಡ್ಯಾ? ಪಕ್ಕದಲ್ಲಿ ಅಷ್ಟಗಲ ಜಾಗ ಬಿಟ್ಟಿದಾರಲ್ಲ, ಅದು ಯಾಕೆ, ಹಿಂದಿರೋ ಅಮ್ಮ ಅವರೆಕಾಯಿ ಸುಲಿಯಕ್ಕಾ?”

ಹಿಂದೆ ಸುಲಿಯುವ ಸದ್ದು ನಿಂತಿತು.

“ಗೇರ್ ಬದಲಾಯ್ಸಿದ್ಯಾ, ಕಾಲು ತೆಗೆದ್ಯಾ, ಪಕ್ಕಕ್ಕಿಟ್ಯಾ, ಮುಗೀತು. ಬಂಗಾರಂ ಲಾಂಟಿ ಬಂಡಿ ಇದು, ಬಂಗಾರದಂಥ ಗಾಡಿ. ಎಂಜಿನ್ನಿಗೆ ಏನೂ ಆಗಿಲ್ಲ. ಈ ಕಾಲೊಂದು ಆಚೆ ಇಟ್ರೆ ಇನ್ನೂ ಎಷ್ಟೋ ವರ್ಷ ಓಡುತ್ತೆ. ಇಡದಿದ್ರೆ ಎಷ್ಟು ಪ್ಲೇಟು ಹಾಕಿದ್ರೂ ಸುಟ್ಕೊಂಡು ತಿನ್ನುತ್ತೆ. ಕೇಳಿಸ್ತಾ?”

ಇಷ್ಟನ್ನೂ ಅವರು ಬೈದದ್ದು ನನಗೆ. ಆದರೆ ಕಣ್ಣು ನನ್ನ ಮೇಲಿರಲಿಲ್ಲ, ಮುಂದಿನ ಕನ್ನಡಿಯ ಮೇಲಿತ್ತು. ನಮ್ಮ ಕಡೆ ಹಿರಿಯರಿಗೆ ಮುಟ್ಟಬೇಕಾದ ಮಾತನ್ನು ಪಕ್ಕದಲ್ಲಿರುವ ಕಿರಿಯರ ತಲೆಯ ಮೇಲೆ ಕುಟ್ಟುವುದುಂಟು. ಅತ್ತೆಗೆ ಹೇಳಬೇಕಾದದ್ದನ್ನು ಅಂಗಳದ ನಾಯಿಗೆ ಹೇಳುವ ಸೊಸೆಯಂದಿರನ್ನು ನಾನೇ ನೋಡಿದ್ದೇನೆ. ನನ್ನ ಸರದಿ ನಾಯಿಯದು ಎಂದು ಆಗ ಅರ್ಥವಾಯಿತು.

“ಯಾರಯ್ಯಾ ನಿಂಗೆ ಗಾಡಿ ಕಲ್ಸಿದ್ದು?”

ಕನ್ನಡಿಯಲ್ಲಿ ಮಾವ ಕಂಡರು. ಕಿಟಕಿಯಾಚೆಯ ಟೊಮೇಟೊ ಗಿಡಗಳನ್ನು ಒಂದೊಂದಾಗಿ ಎಣಿಸುವವರ ಹಾಗೆ ನೋಡುತ್ತಿದ್ದರು. ಟವಲ್ಲಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

“ಯೂಟ್ಯೂಬು,” ಅಂದೆ.

“ಅದಕ್ಕೇ!” ಎಂದು ಕೊಂಡಪ್ಪ ಗುಡುಗಿದರು.

ಹಿಂದಿನಿಂದ ಮಾವ ಮುಂದಕ್ಕೆ ಬಾಗಿದರು. “ಈಗಿನ ಹುಡುಗ್ರು ಹಂಗೇ ಕೊಂಡಪ್ಪ. ಹೇಳಿದ್ರೆ ಕೇಳಲ್ಲ. ಮೊನ್ನೆ ನಾನೇ ವಿಡಿಯೋ ಹಾಕಿದ್ದೆ, ನೋಡ್ರಪ್ಪಾ ಅಂತ.”

ಗ್ಯಾರೇಜಿಗೆ ಮರಳಿದ ಮೇಲೆ ನಾನು ಕೊಂಡಪ್ಪನವರನ್ನು ಪಕ್ಕಕ್ಕೆ ಎಳೆದೆ. ಪಕ್ಕಕ್ಕೆ ಎಳೆಯುವುದು ಅಷ್ಟರಲ್ಲಿ ನನಗೂ ರೂಢಿಯಾಗಿತ್ತು. “ಸಾರ್, ನಾನು ಓಡಿಸೋದು ಯಾವಾಗಲೋ ಒಂದ್ಸಲ. ದಿನಾ ಓಡಿಸೋದು...”

ಅವರು ಎಣ್ಣೆಗೈಯನ್ನು ನನ್ನ ಹೆಗಲ ಮೇಲೆ ಊರಿದರು. ತೊಳೆದ ಅಂಗಿ. “ಗೊತ್ತಪ್ಪಾ. ರಬ್ಬರು ಹಂಗೆ ಸವೆಯಕ್ಕೆ ನಿನ್ನ ವಯಸ್ಸು ಸಾಲದು. ಅವ್ರಿಗೆ ಕೇಳಿಸ್ತು ಬಿಡು. ಗಟ್ಟಿ ಹೆಗಲಿದೆ, ತಡ್ಕೋ.” ಸೌಜನ್ಯಳಿಗೆ ಫೋನಿನಲ್ಲಿ ಅಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿದರು: “ಗಾಡೀಲಿ ಏನೂ ದೋಷ ಇಲ್ಲಮ್ಮಾ! ಈ ಹುಡುಗನ ಕಾಲು! ಇವನ ಕಾಲು ಸರಿಯಿಲ್ಲ!”

ವಾಪಸು ಬರುವಾಗ ಮಾವ ಕೀಲಿಗೆ ಕೈ ಚಾಚಿದರು. ನಾನು ಹಿಂದೆ ಅತ್ತೆಯ ಪಕ್ಕ ಕೂತು ಅವರೆಕಾಯಿ ಸುಲಿದೆ. ಒಂದೆರಡು ಫರ್ಲಾಂಗು ಹೋದ ಮೇಲೆ ಗಾಡಿ ನಿಧಾನವಾಯಿತು. ಮಾವ ಬಗ್ಗಿ ಎಡಗಾಲಿನ ಚಪ್ಪಲಿ ಬಿಚ್ಚಿ, ಕ್ಲಚ್ಚಿನ ಪಕ್ಕದ ಖಾಲಿ ಜಾಗದಲ್ಲಿಟ್ಟು, ಅದರ ಮೇಲೆ ಬರಿಗಾಲನ್ನು ಊರಿಕೊಂಡರು. “ಬಿಸಿಲಿಗೆ ಕಾಲು ಉರಿ,” ಎಂದು ಅವರೇ ಹೇಳಿದರು. ಹೊರಗೆ ಮೋಡ ಮುಚ್ಚಿತ್ತು.

ಸಂಜೆ ಚಿಕ್ಕಬಳ್ಳಾಪುರದಲ್ಲಿ ಸೌಜನ್ಯ ಮನೆ ಮುಂದೆ ನಿಂತೇ ಇದ್ದಳು. ಕಾರಿನ ಸುತ್ತ ಒಂದು ಸುತ್ತು ಬಂದು, ನನ್ನ ಕಾಲನ್ನು ನೋಡಿ, ಮುಂದಿನ ಸೀಟಿನಲ್ಲಿ ಕೂತಳು. “ಅಪ್ಪಾ, ನಡಿ ಕಳವಾರಕ್ಕೆ. ನಾಲ್ಕು ಜನ ಇದೀವಿ. ಆ ಏರಲ್ಲಿ ನೋಡ್ತೀನಿ.”

ಬೆಟ್ಟದ ಬುಡದ ಏರು ಬಂತು. ಮಾವ ಗೇರು ಇಳಿಸಿದರು. ನಾನು ಎರಡು ಸೀಟುಗಳ ಸಂದಿಯಿಂದ ಕತ್ತು ಚಾಚಿ ನೋಡಿದೆ. ಎಡಗಾಲು ಒತ್ತಿತು, ಬಿಟ್ಟಿತು, ಚಪ್ಪಲಿಯ ಮೇಲೆ ಮರಳಿ ಬಂದು ಕೂತಿತು. ಎಂಜಿನ್ನು ಗುರುಗುಟ್ಟಿದಾಗಲೆಲ್ಲ ಆ ಕಾಲಿನ ಬೆರಳುಗಳು ಮಡಚಿಕೊಳ್ಳುತ್ತಿದ್ದವು, ಹಳೇ ಜಾಗಕ್ಕೆ ಹೋಗಿಬಿಡಲೇ ಎಂದು ಕೇಳುವ ಹಾಗೆ. ಮಾವನ ಕೆನ್ನೆಯ ಮೇಲೆ ಬೆವರಿಳಿಯಿತು. ಕಾಲು ಅಲುಗಲಿಲ್ಲ. ಕಾರು ಏರು ಹತ್ತಿತು. ಸೌಜನ್ಯ ಗಾಜಿಳಿಸಿ ಮೂಗು ಹೊರಗೆ ಹಾಕಿ ಮೂಸಿದಳು. ದನದ ಕೊಟ್ಟಿಗೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅವಳು ತಂದೆಯ ಬರಿಗಾಲನ್ನು ನೋಡಿದಳು. ಪಕ್ಕದ ಚಪ್ಪಲಿಯನ್ನು ನೋಡಿದಳು. ಹಿಂದೆ ತಿರುಗಿ ನನ್ನನ್ನು ನೋಡಿದಳು. ಹಬ್ಬಕ್ಕೊಮ್ಮೆ ಗಾಡಿ ಮುಟ್ಟುವವನ ಕಾಲಿನಿಂದ ಅಷ್ಟು ಪ್ಲೇಟು ಸವೆಯಲು ಸಾಧ್ಯವೆ ಎಂಬ ಲೆಕ್ಕ ಹಾಕಲು ಗಣಿತದ ಟೀಚರೇ ಆಗಬೇಕಿಲ್ಲ. ಲೆಕ್ಕ ಅವಳ ಕಣ್ಣಿನಲ್ಲಿ ಮುಗಿಯಿತು.

“ಭಾನುವಾರ ಬರೋರಿಗೆ ಬೇಡ ಅಂತ ಹೇಳ್ತೀನಿ. ಗಾಡಿ ರಿನ್ಯೂ ಮಾಡಿಸೋಣ,” ಅಂದಳು. “ಆದ್ರೆ ಒಂದು. ಇನ್ಮೇಲೆ ನರೇಂದ್ರ ಈ ಗಾಡಿ ಮುಟ್ಟಬಾರ್ದು.”

“ಬ್ಯಾಡ,” ಎಂದು ಮಾವ ಗಂಭೀರವಾಗಿ ತಲೆಯಾಡಿಸಿದರು. “ಅವ್ನ ಕೈಗೆ ಕೊಡೋದೇ ಬ್ಯಾಡ.”

ಅತ್ತೆ ನನ್ನ ಮಡಿಲಿಗೆ ಇನ್ನೊಂದು ಹಿಡಿ ಅವರೆಕಾಯಿ ಸುರಿದರು.

ಕಾರು ಮನೆ ಮುಂದೆ ನಿಂತಿತೋ ಇಲ್ಲವೋ, ಕೊಂಡಮ್ಮನವರು ಬಾಗಿಲಿಗೆ ಬಂದು, “ವೆಂಕಟರಾಮಣ್ಣೋ, ಶನಿವಾರ ಕಣ್ಣಿನ ಆಸ್ಪತ್ರೆಗೆ ಹೋಗ್ಬೇಕಿತ್ತಲ್ಲಪ್ಪ, ಗಾಡಿ ಸರಿ ಹೋಯ್ತಾ?” ಎಂದು ಕೇಳಿದರು. ಮಾವ ಚಪ್ಪಲಿ ಹಾಕಿಕೊಳ್ಳುತ್ತಾ, “ಗಾಡೀಗೇನಾಗಿತ್ತು ಕೊಂಡಮ್ಮಾ? ನಮ್ಮ ಹುಡುಗನ ಕಾಲು ಸರಿಯಿರ್ಲಿಲ್ಲ, ಅಷ್ಟೆ,” ಅಂದರು. ಅಜ್ಜಿ ಒಂದು ಕಣ್ಣಿನಿಂದಲೇ ನನ್ನ ಕಾಲನ್ನು ಮರುಕದಿಂದ ನೋಡಿದರು.

ಆಮೇಲೆ ಮಗಳನ್ನೂ ನನ್ನನ್ನೂ ಬಿಡಲು ಮಾವ ಮತ್ತೆ ಚಿಕ್ಕಬಳ್ಳಾಪುರಕ್ಕೆ ಬಂದರು. ಅಷ್ಟರಲ್ಲಿ ಗ್ರೂಪಿನಲ್ಲಿ ಸುದ್ದಿ ಹರಡಿತ್ತು. ತೊಂಡೇಬಾವಿಯಿಂದ ಅಮ್ಮ ಫೋನು ಮಾಡಿ, “ಅಣ್ಣನ ಗಾಡಿ ಹಾಳು ಮಾಡಿದ್ಯಂತಲ್ಲೋ, ಮಾನ ಕಳೆದ್ಯಲ್ಲೋ,” ಎಂದು ಶುರುಮಾಡಿದಳು. ಅವಳಿಗೆ ನಿಜ ಹೇಳಲು ಬಾಯಿ ತೆರೆದೆ. ಮುಂದೆ ಕನ್ನಡಿಯಲ್ಲಿ ಮಾವನ ಕಣ್ಣುಗಳು ಕಂಡವು. ನನ್ನನ್ನು ನೋಡಿ, ಥಟ್ಟನೆ ರಸ್ತೆಗೆ ಹೋದವು. “ಹೂಂನಮ್ಮಾ, ಸರಿ ಮಾಡ್ಕೊಂತೀನಿ,” ಎಂದು ಇಟ್ಟೆ.

ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಮಾವ ಗಾಜಿಳಿಸಿದರು. ಬರಿಗಾಲು ಚಪ್ಪಲಿಯ ಮೇಲೇ ಇತ್ತು. ಟವಲ್ಲಿನಿಂದ ಮುಖ ಒರೆಸಿಕೊಂಡರು.

“ಹೋಗಿ ಬಾರಪ್ಪ,” ಅಂದರು. “ಕಾಲು ಜೋಪಾನ.”